ಕೊಡುವ ಕೊಳಗ, ಕೊಳ್ಳುವ ಕೊಳಗ

ಹಾನಗಲ್ಲ ತಾಲೂಕಿನ ನಮ್ಮೂರಿನಲ್ಲಿ ಒಂದು ಅಕ್ಕಿ ಗಿರಣಿ ಇದೆ. ನನ್ನ ದೊಡ್ಡಪ್ಪ ಮತ್ತು ಕಾಕಾ ಕೂಡಿ ಕಟ್ಟಿದ್ದು. ಎರಡು ವರ್ಷದ ಹಿಂದೆ ದೊಡ್ಡಪ್ಪ ತೀರಿಕೊಂಡರು. ಮಕ್ಕಳಿಲ್ಲದ ದೊಡ್ಡವ್ವ ತನ್ನ ಅರ್ಧ ಪಾಲನ್ನು ಕಾಕಾಗೆ ಬಿಟ್ಟುಕೊಡುವುದು, ಬಂದ ದುಡ್ಡನ್ನು ಬ್ಯಾಂಕಿನಲ್ಲಿಟ್ಟು ಅದರ ಬಡ್ಡಿಯಲ್ಲಿ ಬದುಕುವುದು ಎಂದು ಮನೆಯಲ್ಲಿ ತೀರ್ಮಾನವಾಯಿತು. ಉಳಿದದ್ದು ಒಂದೇ ಪ್ರಶ್ನೆ: ಎಷ್ಟು?

ನಾನು ವಾಣಿಜ್ಯಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಉದ್ಯಮಗಳಿಗೆ ಬೆಲೆ ಕಟ್ಟುವವರ ವೃತ್ತಿಧರ್ಮ ನನ್ನ ವಿಷಯ. ಮನೆಯಲ್ಲಿ ಯಾರಿಗೂ ಇದು ಏನೆಂದು ಸರಿಯಾಗಿ ಗೊತ್ತಿರಲಿಲ್ಲ. ಆ ದಿನ ಮಾತ್ರ ಕಾಕಾಗೆ ಥಟ್ಟನೆ ಹೊಳೆಯಿತು.

‘ಏ ತಂಗಿ, ನೀ ಓದಿದಾಕಿ. ಒಂದು ಹಾಳಿ ಮ್ಯಾಲೆ ಗಿರಣಿ ಲೆಕ್ಕಾ ಬರದು ಕೊಡು. ನಲವತ್ತು ಲಕ್ಷ ಬರಬೇಕು ನೋಡು’ ಎಂದರು.

ಆ ಮಾತಿನಲ್ಲಿ ಏನಾದರೂ ತಪ್ಪಿದೆ ಎಂದು ಅವರಿಗೆ ಅನಿಸಿರಲಿಲ್ಲ. ಕಾಕಾ ಮೋಸಗಾರರಲ್ಲ. ದೊಡ್ಡಪ್ಪನ ಆಸ್ಪತ್ರೆಯ ಖರ್ಚನ್ನು ಲೆಕ್ಕವಿಡದೆ ಕೊಟ್ಟವರು. ಅವರ ಮನಸ್ಸಿನಲ್ಲಿ ಬೆಲೆ ಎಂಬುದು ಮೊದಲೇ ಇತ್ತು. ಅದಕ್ಕೊಂದು ಲೆಕ್ಕದ ಅಂಗಿ ತೊಡಿಸುವುದಷ್ಟೇ ನನ್ನ ಕೆಲಸವಾಗಿತ್ತು. ನಾನು ಓದುತ್ತಿರುವ ವೃತ್ತಿಯ ದೊಡ್ಡ ರೋಗವೂ ಇದೇ. ಅಂಕಿ ಮೊದಲು ಬರುತ್ತದೆ, ಕಾರಣಗಳು ಆಮೇಲೆ ಬಂದು ಅದರ ಹಿಂದೆ ಸಾಲಾಗಿ ನಿಲ್ಲುತ್ತವೆ.

ಇಲ್ಲಿ ಒಂದು ತೊಡಕಿನ ಪ್ರಶ್ನೆಯಿದೆ. ಗಿರಣಿಯಲ್ಲಿ ಎಷ್ಟು ಚೀಲ ಭತ್ತ ಇದೆ ಎಂದು ಕೇಳಿದರೆ ಅದಕ್ಕೆ ನಿಜ, ಸುಳ್ಳು ಎಂಬುದಿದೆ, ಎಣಿಸಿ ನೋಡಬಹುದು. ಗಿರಣಿಯ ಬೆಲೆ ಎಷ್ಟು ಎಂಬುದು ಹಾಗಲ್ಲ. ಅದು ಅಭಿಪ್ರಾಯ. ನ್ಯಾಯಾಲಯವೂ ಅದನ್ನು ತಜ್ಞರ ಅಭಿಪ್ರಾಯ ಎಂದೇ ಸ್ವೀಕರಿಸುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ 45ನೇ ಕಲಮು ಹೇಳುತ್ತಿದ್ದದ್ದು ಇದನ್ನೇ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮು ಹೇಳುವುದೂ ಇದನ್ನೇ. ಹಾಗಿದ್ದರೆ ಅಭಿಪ್ರಾಯವೊಂದು ಸುಳ್ಳಾಗಲು ಸಾಧ್ಯವೇ? ‘ನನಗೆ ಹಾಗನಿಸಿತು’ ಎಂದವನನ್ನು ಸುಳ್ಳುಗಾರ ಎನ್ನುವುದು ಹೇಗೆ?

*

ಕನಕದಾಸರ ಊರೆಂದು ಹೆಸರಾದ ಬಾಡ ನಮಗೆ ದೂರವಲ್ಲ. ಪಕ್ಕದ ಶಿಗ್ಗಾವಿ ತಾಲೂಕಿನಲ್ಲಿದೆ. ಅವರ ‘ರಾಮಧಾನ್ಯ ಚರಿತೆ’ಯನ್ನು ನಾವೆಲ್ಲ ಶಾಲೆಯಲ್ಲಿ ಮೇಲ್ಜಾತಿಯ ಅಕ್ಕಿ, ಬಡವರ ರಾಗಿ ಎಂಬ ಕಥೆಯಾಗಿ ಓದಿದ್ದೇವೆ. ಈಚೆಗೆ ನನಗೆ ಅದು ಬೆಲೆ ಕಟ್ಟುವ ಕಥೆಯಾಗಿಯೂ ಕಾಣುತ್ತಿದೆ. ಯಾವ ಧಾನ್ಯ ಶ್ರೇಷ್ಠ ಎಂಬ ಜಗಳ ರಾಮನ ಮುಂದೆ ಬರುತ್ತದೆ. ಋಷಿಗಳಲ್ಲೇ ಒಮ್ಮತವಿಲ್ಲ, ಗೌತಮರು ರಾಗಿಯ ಪರ. ಅಕ್ಕಿ ಸಿಟ್ಟಾಗುತ್ತದೆ, ರಾಗಿಯೂ ಬಿಡುವುದಿಲ್ಲ. ರಾಮ ತಕ್ಷಣ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಬಿಡಿಸಿ ನೋಡಿದಾಗ ಅಕ್ಕಿ ಕಂದಿದೆ, ರಾಗಿ ಇದ್ದಂತೆಯೇ ಇದೆ. ರಾಘವ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ.

ಎಷ್ಟು ಚಂದದ ನ್ಯಾಯ! ಆದರೆ ಅಕ್ಕಿಯ ಪರ ವಕೀಲನೊಬ್ಬ ಅಲ್ಲಿದ್ದಿದ್ದರೆ ಒಂದು ಮಾತು ಕೇಳುತ್ತಿದ್ದ: ‘ಸ್ವಾಮಿ, ಕೂಡಿಟ್ಟರೆ ಎಷ್ಟು ದಿನ ಬಾಳುತ್ತದೆ ಎಂಬುದನ್ನೇ ಯಾಕೆ ಪರೀಕ್ಷೆಗೆ ಇಟ್ಟಿರಿ? ಮದುವೆ ಮನೆಯಲ್ಲಿ ಎಲೆಯ ಮೇಲೆ ಬಡಿಸಿ ನೋಡಬಹುದಿತ್ತಲ್ಲ?’ ಮಾತು ಹುರುಳಿಲ್ಲದ್ದಲ್ಲ. ಆರು ತಿಂಗಳ ಸೆರೆ ಎಂಬ ಅಳತೆಗೋಲನ್ನು ಆರಿಸಿದ ಗಳಿಗೆಯಲ್ಲೇ ಗೆಲುವು ಯಾರದೆಂಬುದು ಬಹುಮಟ್ಟಿಗೆ ನಿರ್ಧಾರವಾಗಿತ್ತು. ಬರಗಾಲದಲ್ಲಿ ಹಗೇವಿನ ಬಾಯಿ ತೆರೆದು ನೋಡುವವನ ಕಣ್ಣಿಗೆ ಬಾಳಿಕೆಯೇ ಬೆಲೆ. ಹಬ್ಬದ ದಿನ ಉಣ್ಣಲು ಕೂತವನ ಕಣ್ಣಿಗೆ ಬೇರೆ. ಕನಕದಾಸರು ಹಸಿದವನ ಕಣ್ಣನ್ನು ಆರಿಸಿಕೊಂಡರು. ಅದು ಲೆಕ್ಕದ ಆಯ್ಕೆಯಲ್ಲ, ನೀತಿಯ ಆಯ್ಕೆ.

ರಾಮನ ಪರವಾಗಿ ಹೇಳಬೇಕಾದ ಎರಡು ಮಾತುಗಳಿವೆ. ಎರಡೂ ಧಾನ್ಯಗಳಿಗೆ ಒಂದೇ ಸೆರೆ, ಒಂದೇ ಅವಧಿ. ಪರೀಕ್ಷೆ ಏನೆಂಬುದು ಫಲಿತಾಂಶಕ್ಕಿಂತ ಮೊದಲೇ ಎಲ್ಲರ ಎದುರು ಬಯಲಾಗಿತ್ತು. ಬೆಲೆ ಕಟ್ಟುವವನ ಪ್ರಾಮಾಣಿಕತೆ ಈ ಎರಡು ಮಾತುಗಳಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಹಳೆಯ ಕಾಲದ ಸಾಹುಕಾರರಲ್ಲಿ ಕೆಲವರು ಎರಡು ಕೊಳಗ ಇಟ್ಟುಕೊಳ್ಳುತ್ತಿದ್ದರು ಎಂದು ಊರಲ್ಲಿ ಹೇಳುತ್ತಾರೆ: ಕಾಳು ಕೊಡುವಾಗ ಒಂದು, ಕೊಳ್ಳುವಾಗ ಇನ್ನೊಂದು. ಎರಡೂ ಕೊಳಗದಲ್ಲಿ ಅಳೆದ ಎಣಿಕೆ ತಪ್ಪಿರುವುದಿಲ್ಲ. ಹತ್ತು ಅಂದರೆ ಹತ್ತೇ. ಮೋಸ ಎಣಿಕೆಯಲ್ಲಿಲ್ಲ, ಯಾವ ಕೊಳಗ ಯಾವಾಗ ಕೈಗೆ ಬಂತು ಎಂಬುದರಲ್ಲಿದೆ.

ಅಭಿಪ್ರಾಯ ಸುಳ್ಳಾಗುವುದೂ ಹೀಗೆಯೇ. ಅದು ತಪ್ಪಾದಾಗ ಅಲ್ಲ. ಯಾರಿಗೆ ಲಾಭವಾಗುತ್ತದೆ ಎಂದು ನೋಡಿಕೊಂಡು ಅಳತೆಗೋಲನ್ನು ಆರಿಸಿ, ಆ ಆಯ್ಕೆಯನ್ನು ಮುಚ್ಚಿಟ್ಟಾಗ.

*

ಒಂದೇ ವಸ್ತುವಿಗೆ ಹಲವು ಬೆಲೆ ಇರುವುದು ತಪ್ಪಲ್ಲ. ಸವಣೂರಿನ ದೊಡ್ಡಹುಣಸೆ ಮಠದ ಬಾವೊಬಾಬ್ ಮರಗಳನ್ನು ನೋಡಿದವರಿಗೆ ಇದು ಗೊತ್ತು. ಆಫ್ರಿಕಾ ಮೂಲದ ಆ ದೈತ್ಯ ಮರದ ಕಾಂಡ ಮೆದು, ನಾರುನಾರು. ಕಟ್ಟಿಗೆಯಾಗಿ ತೂಗಿದರೆ ಏನೂ ಹುಟ್ಟುವುದಿಲ್ಲ. ಅಂಥದ್ದೇ ಇನ್ನೊಂದು ಮರ ಪೇಟೆಯಲ್ಲಿ ಎಷ್ಟಕ್ಕೆ ಮಾರಾಟವಾಯಿತು ಎಂದು ಹೋಲಿಸೋಣವೆಂದರೆ ಹೋಲಿಸಲು ಇನ್ನೊಂದಿಲ್ಲ. ಆದರೂ ಊರಿನವರನ್ನು ಕೇಳಿ, ಅದಕ್ಕೆ ಬೆಲೆ ಕಟ್ಟಲಾಗದು ಎನ್ನುತ್ತಾರೆ. ಒಂದು ಅಳತೆಯಲ್ಲಿ ಸೊನ್ನೆ, ಇನ್ನೊಂದರಲ್ಲಿ ಲೆಕ್ಕಕ್ಕೆ ಸಿಗದಷ್ಟು. ಎರಡೂ ನಿಜ. ಯಾವ ಪ್ರಶ್ನೆಗೆ ಯಾವ ಉತ್ತರ ಎಂಬುದು ಸ್ಪಷ್ಟವಿದ್ದರೆ ಸಾಕು.

ಸ್ಪಷ್ಟವಿಲ್ಲದಿದ್ದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆಯಿದೆ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರಲ್ಲಿ ಹಾರಾಟ ಆರಂಭಿಸಿತು, 2012ರ ಅಕ್ಟೋಬರಿನಲ್ಲಿ ನಿಂತಿತು. ನಡುವೆ ಬ್ಯಾಂಕುಗಳಿಂದ ಸಾಲ ಪಡೆಯುವಾಗ ಅಡವಿಟ್ಟ ಆಸ್ತಿಗಳಲ್ಲಿ ಅದರ ಹೆಸರೂ ಒಂದು. ಬರೀ ಹೆಸರು, ಗುರುತು, ಘೋಷವಾಕ್ಯ. ಅದಕ್ಕೆ ಆಗ ಕಟ್ಟಿದ್ದ ಬೆಲೆ ಮೂರು ಸಾವಿರ ಕೋಟಿ ರೂಪಾಯಿಗೂ ಹೆಚ್ಚು. 2016ರ ಏಪ್ರಿಲ್ 30ರಂದು ಬ್ಯಾಂಕುಗಳು ಆ ಹೆಸರನ್ನು ಹರಾಜಿಗಿಟ್ಟವು. ಕನಿಷ್ಠ ಬೆಲೆ 366.70 ಕೋಟಿ. ಕೂಗುವವರು ಒಬ್ಬರೂ ಬರಲಿಲ್ಲ.

ಈ ಕಥೆ ಹೇಳಿ ನಗುವುದು ಸುಲಭ. ನಗುವ ಮೊದಲು ಒಂದು ಎಚ್ಚರ ಬೇಕು. ಬೆಳೆ ಕೈಗೆ ಬಂದ ಮೇಲೆ ಬಿತ್ತಿದವನಿಗೆ ಬುದ್ಧಿ ಹೇಳುವುದು ಯಾರಿಗೂ ಬರುತ್ತದೆ. ಮೌಲ್ಯಮಾಪನದಲ್ಲಿ ಇದಕ್ಕೊಂದು ನಿಯಮವಿದೆ: ಬೆಲೆ ಕಟ್ಟಿದ ದಿನದಂದು ಗೊತ್ತಿದ್ದದ್ದು ಮತ್ತು ಕೇಳಿದ್ದರೆ ಗೊತ್ತಾಗಬಹುದಾಗಿದ್ದದ್ದು, ಇವೆರಡರ ಮೇಲಷ್ಟೇ ತಜ್ಞನನ್ನು ತೂಗಬೇಕು. ಆಮೇಲೆ ಸಂಭವಿಸಿದ್ದನ್ನು ತಂದು ಅವನ ತಲೆಗೆ ಕಟ್ಟಬಾರದು. ಆದ್ದರಿಂದ 2016ರಲ್ಲಿ ಬೆಲೆ ಬಿತ್ತು ಎಂಬುದೇ ಅಪರಾಧವಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಸಾಲ ಕೊಟ್ಟವನಿಗೆ ಅಡವಿನ ವಸ್ತು ಬೇಕಾಗುವುದು ಸಾಲಗಾರ ಮುಳುಗಿದ ದಿನ. ಹಾರುತ್ತಿರುವ ವಿಮಾನಕ್ಕೆ ಅಂಟಿದ ಹೆಸರಿನ ಬೆಲೆ, ವಿಮಾನ ನಿಂತ ದಿನ ಎಷ್ಟು? ಅಡವಿನ ಪ್ರಶ್ನೆಗೆ ಈ ಅಳತೆಯೇ ಬೇಕಿತ್ತು. ಹಾರುವ ದಿನದ ಕೊಳಗದಲ್ಲಿ ಅಳೆದು ಮುಳುಗುವ ದಿನಕ್ಕೆ ಜಾಮೀನು ಕೊಟ್ಟರೆ ಅದು ಕೊಳಗ ಬದಲಿಸಿದ ಹಾಗೆ.

ಬೆಲೆ ಕಟ್ಟುವವರಿಗೆ ಈಗ ಕಟ್ಟುಪಾಡುಗಳಿಲ್ಲವೆಂದಲ್ಲ. 2013ರ ಕಂಪನಿ ಕಾಯ್ದೆಯ 247ನೇ ಕಲಮು ಮತ್ತು 2017ರ ನಿಯಮಗಳ ಪ್ರಕಾರ ಕಂಪನಿಗಳ ಆಸ್ತಿಗೆ ಬೆಲೆ ಕಟ್ಟುವವರು ನೋಂದಾಯಿತರಾಗಿರಬೇಕು. ಹಿತಾಸಕ್ತಿಯ ತಿಕ್ಕಾಟ ಇರಬಾರದು. ಕೆಲಸ ಗೆದ್ದರೆ ಇಷ್ಟು, ಸೋತರೆ ಅಷ್ಟು ಎಂಬ ಷರತ್ತಿನ ಶುಲ್ಕ ಪಡೆಯುವ ಹಾಗಿಲ್ಲ. ಆದರೆ ಶುಲ್ಕ ಕೊಡುವವನು ಇನ್ನೂ ಒಂದು ಪಕ್ಷದವನೇ. ಮುಂದಿನ ಕೆಲಸ ಕೊಡುವವನೂ ಅವನೇ. ‘ನಲವತ್ತು ಲಕ್ಷ ಬರಬೇಕು ನೋಡು’ ಎಂಬುದನ್ನು ಯಾರೂ ಬರೆದು ಕೊಡುವುದಿಲ್ಲ. ಅದು ಚಹಾ ಕುಡಿಯುವಾಗ ಬರುವ ಮಾತು.

*

ಗಿರಣಿಗೆ ಮರಳುತ್ತೇನೆ. ಕಾಕಾ ತೋರಿಸಿದ ಲೆಕ್ಕದ ವಹಿಗಳ ಪ್ರಕಾರ ವರ್ಷಕ್ಕೆ ಖರ್ಚು ಕಳೆದು ಉಳಿಯುವುದು 4 ಲಕ್ಷ. ಹಾಕಿದ ದುಡ್ಡಿಗೆ ವರ್ಷಕ್ಕೆ ನೂರಕ್ಕೆ ಹನ್ನೆರಡೂವರೆ ಹುಟ್ಟಬೇಕು ಎಂದುಕೊಂಡರೆ, ಆದಾಯದ ಎಂಟು ಪಟ್ಟು ಗಿರಣಿಯ ಬೆಲೆ: 32 ಲಕ್ಷ. ಜಾಗ ಮತ್ತು ಯಂತ್ರಗಳನ್ನು ಬಿಡಿಬಿಡಿಯಾಗಿ ಮಾರಿದರೆ 40 ಲಕ್ಷ. ‘ನೋಡು, ಹೆಚ್ಚಿಂದೇ ಕೊಡಾಕತ್ತೀನಿ’ ಎಂದರು ಕಾಕಾ. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಆದರೆ ಆ ವಹಿಯಲ್ಲಿ ಎಲ್ಲಿಯೂ ತೌಡು ಮಾರಿದ ದುಡ್ಡಿರಲಿಲ್ಲ. ಅಕ್ಕಿ ಗಿರಣಿ ಇದ್ದ ಮೇಲೆ ತೌಡು ಇರಲೇಬೇಕು. ಎರಡು ದಿನ ಗಿರಣಿಯಲ್ಲೇ ಕೂತು ಎಷ್ಟು ಚೀಲ ಭತ್ತಕ್ಕೆ ಎಷ್ಟು ಯೂನಿಟ್ ಕರೆಂಟು ಹೋಗುತ್ತದೆ ಎಂದು ಬರೆದುಕೊಂಡೆ. ಆಮೇಲೆ ವರ್ಷದ ಕರೆಂಟು ಬಿಲ್ಲುಗಳನ್ನು ತೆಗೆದು ತಾಳೆ ಹಾಕಿದೆ. ವಹಿ ಹೇಳುವ ಭತ್ತಕ್ಕೂ ಮೀಟರು ಹೇಳುವ ಭತ್ತಕ್ಕೂ ಹೊಂದಾಣಿಕೆಯೇ ಇರಲಿಲ್ಲ. ನ್ಯಾಯಾಲಯಕ್ಕೆ ಬೇಕಾಗುವ ಲೆಕ್ಕತನಿಖೆ ಎಂದು ಪುಸ್ತಕಗಳಲ್ಲಿ ಓದಿದ್ದು ಇದನ್ನೇ: ಮನುಷ್ಯ ಬರೆದ ಲೆಕ್ಕವನ್ನು, ಸುಳ್ಳು ಹೇಳುವ ಅಗತ್ಯವಿಲ್ಲದ ಇನ್ನೊಂದು ಲೆಕ್ಕದ ಪಕ್ಕದಲ್ಲಿಟ್ಟು ನೋಡುವುದು. ರೈತರು ಭತ್ತ ತಂದು ಅಕ್ಕಿ ಮಾಡಿಸಿಕೊಂಡು ನಗದಾಗಿ ಕೊಟ್ಟ ಕೂಲಿ, ತೌಡಿನ ದುಡ್ಡು ಎಲ್ಲ ಸೇರಿದರೆ ನಿಜವಾದ ಆದಾಯ ವರ್ಷಕ್ಕೆ 9 ಲಕ್ಷದ ಹತ್ತಿರ ಬಂತು.

ಕಾಕಾ ಮರೆಮಾಚಲಿಲ್ಲ. ‘ಅದು ಕಚ್ಚಾ ವಹಿದಾಗ ಐತಿ. ಟ್ಯಾಕ್ಸಿನವರಿಗೆ ಎಲ್ಲಾ ತೋರ್ಸಾಕ ಬರತೈತೇನು? ಆ ವಹಿ ಬರದಾಂವ ನಿಮ್ಮ ದೊಡ್ಡಪ್ಪನ ಅದಾನ’ ಎಂದರು. ನಿಜ. ಕಚ್ಚಾ ವಹಿಯ ಪುಟಗಳಲ್ಲಿ ಇದ್ದದ್ದು ದೊಡ್ಡಪ್ಪನ ದುಂಡನೆಯ ಅಕ್ಷರ. ಇಪ್ಪತ್ತು ವರ್ಷ ಅಣ್ಣತಮ್ಮ ಕೂಡಿ ಸರ್ಕಾರಕ್ಕೆ ತೋರಿಸಿದ ಸಣ್ಣ ಕೊಳಗ, ಈಗ ಅಣ್ಣನ ಹೆಂಡತಿಯ ಪಾಲನ್ನು ಅಳೆಯಲು ಬಂದು ನಿಂತಿತ್ತು.

ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಯಾವ ತಾಲೂಕಿನಲ್ಲಾದರೂ ಹೊಲ ಕೊಂಡವರನ್ನು ಕೇಳಿ. ಎರಡು ದರ ಹೇಳುವವರು ಸಿಕ್ಕೇ ಸಿಗುತ್ತಾರೆ: ಕೊಟ್ಟದ್ದು ಒಂದು, ಖರೀದಿ ಪತ್ರದಲ್ಲಿ ಬರೆಸಿದ್ದು ಇನ್ನೊಂದು. ಮುದ್ರಾಂಕ ಶುಲ್ಕ ಉಳಿಸಲು ಸರ್ಕಾರದ ಮಾರ್ಗಸೂಚಿ ದರದ ಆಸುಪಾಸಿನಲ್ಲಿ ಬರೆಸುತ್ತಾರೆ. ಮುಂದೊಂದು ದಿನ ಕಾಲುವೆ ಬರುತ್ತದೆ, ಹೆದ್ದಾರಿ ಅಗಲವಾಗುತ್ತದೆ. ಆಗ ಪರಿಹಾರ ಎಷ್ಟು ಎಂಬ ಪ್ರಶ್ನೆ ಬರುತ್ತದೆ. 2013ರ ಭೂಸ್ವಾಧೀನ ಕಾಯ್ದೆಯ 26ನೇ ಕಲಮಿನ ಪ್ರಕಾರ ಅಧಿಕಾರಿ ನೋಡುವ ಮುಖ್ಯ ಆಧಾರಗಳು ಎರಡು: ಮಾರ್ಗಸೂಚಿ ದರ, ಮತ್ತು ಹಿಂದಿನ ಮೂರು ವರ್ಷಗಳಲ್ಲಿ ಸುತ್ತಲಿನ ಅಂಥದೇ ಜಮೀನಿನ ಖರೀದಿ ಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟರ ಸರಾಸರಿ. ಎರಡರಲ್ಲಿ ಹೆಚ್ಚಿನದ್ದನ್ನು ಹಳ್ಳಿಗಾಡಿನಲ್ಲಿ ಎರಡು ಪಟ್ಟಿನವರೆಗೆ ಏರಿಸಿ, ಅದರ ಮೇಲೆ ನೂರಕ್ಕೆ ನೂರು ಸಾಂತ್ವನಧನ ಸೇರಿಸುತ್ತಾರೆ. ಎಷ್ಟೇ ಗುಣಿಸಿದರೂ ಬುಡದ ಅಂಕಿ ಖರೀದಿ ಪತ್ರದ್ದೇ. ಊರಿನವರೆಲ್ಲ ಸೇರಿ ಬರೆಸಿದ ಸಣ್ಣ ಅಂಕಿ, ಎಂದೂ ಹೊಲ ಮಾರದ, ಸುಳ್ಳು ಬರೆಸದ ರೈತನ ಪರಿಹಾರವನ್ನೂ ಕುಗ್ಗಿಸುತ್ತದೆ. ಸುಳ್ಳು ಹೇಳಿದವರು ಯಾರೋ, ದಂಡ ತೆರುವವರು ಯಾರೋ. ಲೆಕ್ಕದ ಸುಳ್ಳಿಗೆ ಮುಖ ನೋಡಿ ಕಚ್ಚುವುದು ಗೊತ್ತಿಲ್ಲ.

ದಿನಾಂಕವೂ ಒಂದು ಕೊಳಗವೇ. ಕಾಫಿ ಡೇ ಸಮೂಹದ ಸ್ಥಾಪಕ ವಿ. ಜಿ. ಸಿದ್ಧಾರ್ಥ ಅವರು 2019ರ ಜುಲೈನಲ್ಲಿ ತೀರಿಕೊಂಡ ಮೇಲೆ ಕಂಪನಿಯ ಆಡಳಿತ ಮಂಡಳಿ ತನಿಖೆಯೊಂದನ್ನು ಮಾಡಿಸಿತು. ಸಿದ್ಧಾರ್ಥ ಅವರ ಖಾಸಗಿ ಕಾಫಿ ತೋಟದ ಕಂಪನಿಯಿಂದ ಸಮೂಹದ ಅಂಗಸಂಸ್ಥೆಗಳಿಗೆ 3,535 ಕೋಟಿ ರೂಪಾಯಿ ಬರಬೇಕಿದೆ ಎಂದು 2020ರ ಜುಲೈನಲ್ಲಿ ಹೊರಬಂದ ವರದಿ ಹೇಳಿತು. ಅದು 2019ರ ಜುಲೈ 31ರ ಲೆಕ್ಕ. ಅದೇ ವರ್ಷದ ಮಾರ್ಚ್ 31ರ ಪರಿಶೋಧಿತ ಲೆಕ್ಕಪತ್ರದಲ್ಲಿ ಬಾಕಿ ಇದ್ದದ್ದು 842 ಕೋಟಿ. ಮಾರ್ಚ್ 31 ಎಲ್ಲ ಕಂಪನಿಗಳೂ ಕನ್ನಡಿಯ ಮುಂದೆ ನಿಲ್ಲುವ ದಿನ. ಉಳಿದ 364 ದಿನ ಮನೆಯೊಳಗೆ ಹೇಗಿರುತ್ತಾರೆ ಎಂದು ನೋಡುವುದು ಲೆಕ್ಕತನಿಖೆಯವರ ಕೆಲಸ. ದುಡ್ಡು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಅವರು ತೋರಿಸಬೇಕು. ಅಪರಾಧಿ ಯಾರೆಂದು ಹೇಳುವುದು ನ್ಯಾಯಾಲಯಕ್ಕೆ ಬಿಟ್ಟದ್ದು. ನನ್ನ ಕಾಕಾ ಅಪರಾಧಿಯೇ ಎಂದು ತೀರ್ಮಾನಿಸುವ ಹೊರೆ ನನ್ನ ಮೇಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ಈ ಗೆರೆ ನನಗೆ ಸ್ವಲ್ಪ ನೆರವಾಯಿತು. ಪೂರ್ತಿ ಅಲ್ಲ.

*

ಇಂಥ ಕಡೆ ತಜ್ಞರೇ ಬೇಡವೆನ್ನುವ ಒಂದು ಜಾಣ ಉಪಾಯ ನಮ್ಮ ಹಿರಿಯರಲ್ಲಿದೆ. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ಒಬ್ಬ ಪಾಲು ಹಾಕಬೇಕು, ಇನ್ನೊಬ್ಬ ಆರಿಸಬೇಕು. ಯಾವ ಪಾಲು ತನಗೆ ಬರುತ್ತದೆ ಎಂದು ಗೊತ್ತಿಲ್ಲದವನು ತಾನಾಗಿಯೇ ಸರಿಸಮ ಮಾಡುತ್ತಾನೆ. ಸಮಾಜದಲ್ಲಿ ತನ್ನ ಜಾಗ ಯಾವುದೆಂದು ಗೊತ್ತಿಲ್ಲದವನು ರೂಪಿಸುವ ನಿಯಮವೇ ನ್ಯಾಯದ ನಿಯಮ ಎಂದು ಅಮೆರಿಕದ ತತ್ತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ದೊಡ್ಡ ಗ್ರಂಥವನ್ನೇ ಬರೆದರು. ಅದರ ತಿರುಳು ನಮ್ಮ ಬದುವಿನ ಮೇಲೂ ಇತ್ತು.

ನಾನೂ ಮೊದಲು ಅದನ್ನೇ ಹೇಳಿದೆ: ‘ಕಾಕಾ, ನೀವು ಒಂದು ದರ ಹೇಳ್ರಿ. ಆ ದರಕ್ಕ ಕೊಳ್ಳೂದೋ ಮಾರೂದೋ ದೊಡ್ಡವ್ವ ಆರಿಸಲಿ.’ ಕಾಕಾ ನಕ್ಕರು. ‘ಅಕಿ ಕೊಂಡು ಏನ್ ಮಾಡ್ತಾಳ? ಗಿರಣಿ ನಡಸ್ತಾಳೇನು?’ ಆ ನಗೆಯಲ್ಲಿ ಕಟು ಸತ್ಯವಿತ್ತು. ಇಬ್ಬರಿಗೂ ಒಂದೇ ತಿಳಿವಳಿಕೆ, ಒಂದೇ ಕಸುವು ಇದ್ದಾಗ ಮಾತ್ರ ಆ ಉಪಾಯ ನಡೆಯುತ್ತದೆ. ಕೊಳ್ಳಲು ದುಡ್ಡಿಲ್ಲದ, ವಹಿ ಓದಲು ಬರದ, ಮೀಟರು ಏನು ಹೇಳುತ್ತದೆಂದು ಗೊತ್ತಿಲ್ಲದ ಹೆಂಗಸಿಗೆ ‘ಆರಿಸಿಕೋ’ ಎನ್ನುವುದು ನ್ಯಾಯದ ಅಣಕ. ಬೆಲೆ ಕಟ್ಟುವವನು ಬೇಕಾಗುವುದು ಇಲ್ಲಿಯೇ. ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ್ದನ್ನು ಇಬ್ಬರ ನಡುವೆ ತಂದಿಡುವುದು ಅವನ ಮೊದಲ ಕೆಲಸ. ಅಂಕಿ ಆಮೇಲಿನದು.

ಹಾಗೆಂದು ಸತ್ಯ ಒಂದೇ ಕಡೆ ಕೂತಿರಲಿಲ್ಲ. ಶಿಗ್ಗಾವಿಯಿಂದ ಬಂದ ದೊಡ್ಡವ್ವನ ತಮ್ಮ ಕಚ್ಚಾ ವಹಿಯ ಸುದ್ದಿ ತಿಳಿದ ಕೂಡಲೇ ಲೆಕ್ಕ ಹಾಕಿದರು: ಒಂಬತ್ತು ಎಂಟ್ಲೆ ಎಪ್ಪತ್ತೆರಡು, ಅರ್ಧ ಅಂದರೆ 36 ಲಕ್ಷ. ಅದೂ ಇನ್ನೊಂದು ಕೊಳಗ. ಆ 9 ಲಕ್ಷದೊಳಗೆ ಬೆಳಗ್ಗೆ ಆರಕ್ಕೆ ಗಿರಣಿ ಬಾಗಿಲು ತೆರೆದು ರಾತ್ರಿ ಮುಚ್ಚುವ ಕಾಕಾನ ಬೆವರೂ ಸೇರಿದೆ. ಆ ಕೆಲಸಕ್ಕೆ ಇನ್ನೊಬ್ಬನನ್ನು ಇಟ್ಟರೆ ತಿಂಗಳಿಗೆ 20 ಸಾವಿರವಾದರೂ ಕೊಡಬೇಕು. ವರ್ಷಕ್ಕೆ 2 ಲಕ್ಷ 40 ಸಾವಿರ. ಅದನ್ನು ಕಳೆದರೆ ಗಿರಣಿಯದ್ದೇ ಎನ್ನಬಹುದಾದ ಆದಾಯ 6 ಲಕ್ಷ 60 ಸಾವಿರ. ಎಂಟು ಪಟ್ಟು ಮಾಡಿದರೆ 52 ಲಕ್ಷ 80 ಸಾವಿರ. ಮನುಷ್ಯನ ದುಡಿಮೆ ಗಿರಣಿಯ ಆಸ್ತಿಯಲ್ಲ, ಅದನ್ನು ಹಂಚಿಕೊಳ್ಳಲು ಬರುವುದಿಲ್ಲ. ದೊಡ್ಡವ್ವನ ತಮ್ಮನಿಗೆ ಈ ಮಾತು ಹಿಡಿಸಲಿಲ್ಲ.

ಬರೆಯಲು ಕೂತಾಗ ಕೈ ಹಿಂಜರಿಯಿತು. ಕಚ್ಚಾ ವಹಿಯ ವಿಷಯ ಕಾಗದದ ಮೇಲೆ ಬಂದರೆ ಅದು ನಾಳೆ ಎಲ್ಲಿಗೆ ಹೋಗಿ ಮುಟ್ಟುತ್ತದೋ. ಬರೆಯದಿದ್ದರೆ ನಾನೂ ಆ ಸಣ್ಣ ಕೊಳಗವನ್ನು ಹಿಡಿದಂತೆ. ಕೊನೆಗೆ ಮೂರೂ ಲೆಕ್ಕಗಳನ್ನು ಒಂದೇ ಹಾಳೆಯಲ್ಲಿ ಬರೆದೆ. ಪ್ರತಿಯೊಂದರ ಕೆಳಗೆ ಅದು ಏನನ್ನು ಸೇರಿಸಿದೆ, ಏನನ್ನು ಬಿಟ್ಟಿದೆ, ಯಾರಿಗೆ ಅನುಕೂಲ ಎಂದು ಬರೆದೆ. ಅದೇ ಹಾಳೆಯ ಒಂದೊಂದು ಪ್ರತಿಯನ್ನು ಇಬ್ಬರಿಗೂ, ಇಬ್ಬರ ಎದುರಿಗೇ ಕೊಟ್ಟೆ. ಪ್ರಾಮಾಣಿಕತೆಯ ಕೆಲಸ ಮುಗಿಯಿತು ಎಂದುಕೊಂಡಿದ್ದೆ.

ದೊಡ್ಡವ್ವ ನನ್ನಿಂದಲೇ ಅದನ್ನು ಓದಿಸಿಕೊಂಡಳು. ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: ‘ಯವ್ವಾ, ಮೂರೂ ಛಲೋ ಬರದೀದಿ. ಇದರಾಗ ನಿಂದು ಯಾವದು?’

ಆ ಪ್ರಶ್ನೆಗೆ ನಾನು ಸಿದ್ಧಳಿರಲಿಲ್ಲ. ಎಲ್ಲ ಅಳತೆಗಳನ್ನೂ ಹರವಿಟ್ಟು ‘ನೀವೇ ನೋಡಿಕೊಳ್ಳಿ’ ಎಂದು ಹಿಂದೆ ಸರಿಯುವುದು ನಿಷ್ಪಕ್ಷಪಾತದಂತೆ ಕಾಣುತ್ತದೆ. ಅದರೊಳಗೆ ಒಂದು ಹೇಡಿತನವೂ ಇರಬಹುದು. ಅಭಿಪ್ರಾಯ ಕೇಳಿದವರಿಗೆ ಅಭಿಪ್ರಾಯವನ್ನೇ ಕೊಡಬೇಕು, ಅದರ ಹೊಣೆ ಹೊರಬೇಕು. ಕಾಕಾ ಅಲ್ಲೇ ಕೂತಿದ್ದರು. ಅವರು ನನ್ನನ್ನು ನೋಡಲಿಲ್ಲ, ಅಂಗಳದಲ್ಲಿ ಒಣಹಾಕಿದ ಭತ್ತವನ್ನು ನೋಡುತ್ತಿದ್ದರು.

‘ಐವತ್ತೆರಡು ಲಕ್ಷ ಎಂಬತ್ತು ಸಾವಿರ. ನಿನ್ನ ಪಾಲು ಇಪ್ಪತ್ತಾರು ಲಕ್ಷ ನಲವತ್ತು ಸಾವಿರ’ ಎಂದೆ. ದೊಡ್ಡವ್ವನೇ ಗಿರಣಿ ಕೊಳ್ಳುವವಳಾಗಿದ್ದು ಕಾಕಾ ಮಾರುವವರಾಗಿದ್ದರೂ ನಾನು ಇದೇ ಅಂಕಿ ಹೇಳುತ್ತಿದ್ದೆನೇ ಎಂದು ಹೇಳುವ ಮೊದಲು ಒಮ್ಮೆ ಮನಸ್ಸಿನಲ್ಲೇ ಕೇಳಿಕೊಂಡಿದ್ದೆ. ಹೌದು ಎಂದು ಬಂದ ಮೇಲೆಯೇ ಬಾಯಿ ತೆರೆದೆ. ಈ ಒಂದು ಪ್ರಶ್ನೆಗಿಂತ ದೊಡ್ಡ ವೃತ್ತಿಸಂಹಿತೆ ನನಗೆ ಇನ್ನೂ ಸಿಕ್ಕಿಲ್ಲ.

ಊರ ಹಿರಿಯರು ಕೂತು ಮಾತಾಡಿ 25 ಲಕ್ಷಕ್ಕೆ ಮುಗಿಸಿದರು. ಎರಡು ಕಂತು, ಎರಡನೆಯದು ಸುಗ್ಗಿಯಾದ ಮೇಲೆ. ನನ್ನ ಅಂಕಿ ಗೆಲ್ಲಲಿಲ್ಲ, ಪೂರ್ತಿ ಸೋಲಲೂ ಇಲ್ಲ. ಕಾಕಾ ಆಮೇಲೆ ಕೆಲವು ತಿಂಗಳು ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ಈ ಸಲ ರಜೆಗೆ ಹೋದಾಗ ಗಿರಣಿಯ ಮುಂದೆ ಸಿಕ್ಕು, ಒಳಗೆ ಕರೆದು ಹೊಸ ವಹಿಯೊಂದನ್ನು ತೋರಿಸಿದರು. ಅದರಲ್ಲಿ ತೌಡಿಗೆ ಬೇರೆ ಪುಟವಿತ್ತು. ಅದು ಯಾರಿಗೆ ತೋರಿಸುವ ವಹಿ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತೇನೋ ಎಂದು ಬಸ್ಸಿನಲ್ಲಿ ಕೂತ ಮೇಲೆ ಅನಿಸಿತು.